‘ಹಾಗೂ ಸಂಗಡಿಗರು’ ಅಂದರೆ ಯಾರು?

ಸಂಪಾದಕರಿಗೆ ಶರಣು.

ಆರ್ಕೆಸ್ಟ್ರಾಗಳಲ್ಲಿ, ಕರಪತ್ರದ ‘ಹಾಗೂ ಸಂಗಡಿಗರು’ ಎಂಬ ಮಾತಿನೊಳಗೆ ಅಡಗಿ, ಗಾಯಕರ ಹಿಂದೆ ನಿಂತು ವರ್ಷಗಟ್ಟಲೆ ಗಿಟಾರ್ ನುಡಿಸಿದವರು ಈಗ ತಮ್ಮದೇ ಹೆಸರಿನಲ್ಲಿ ರಾಕ್ ಆಲ್ಬಮ್ ತರಲು ಹೊರಟಿದ್ದಾರೆ. ನಮ್ಮ ಕಲ್ಯಾಣ ಕರ್ನಾಟಕದ ಕಡೆಯೂ ಈ ಗಾಳಿ ಬೀಸಿದೆ. ಅಂಥವರ ಬಗ್ಗೆ ಪತ್ರಿಕೆಗಳ ಭಾನುವಾರದ ಪುರವಣಿಯಲ್ಲಿ ಬರಹ ಬಂದಾಗ ಖುಷಿಯಿಂದ ಓದುತ್ತೇವೆ. ಆದರೆ ‘ಕನಸು ನನಸಾಯಿತು’, ‘ಎಲೆಮರೆಯ ಕಾಯಿ’ ಎಂಬೆರಡು ಮಾತು ದಾಟಿದರೆ ಅಲ್ಲಿ ಏನೂ ಸಿಗುವುದಿಲ್ಲ. ಆಲ್ಬಮ್ ಹೇಗೆ ಕೇಳಿಸುತ್ತದೆ, ಯಾಕೆ ಹಾಗೆ ಕೇಳಿಸುತ್ತದೆ, ಎಲ್ಲಿ ಎಡವಿದೆ ಎಂದು ಯಾರೂ ಬರೆಯುವುದಿಲ್ಲ. ಗಿಟಾರ್ ರಿಪೇರಿ ಮತ್ತು ರೆಕಾರ್ಡಿಂಗ್ ಕೆಲಸದಲ್ಲಿರುವ ನಮಗೆ ಕಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ. ಜಾಗ ತುಸು ಜಾಸ್ತಿಯೇ ಬೇಕಾಗಬಹುದು, ಸಹಿಸಿಕೊಳ್ಳಿ.

ಹಿಂದೆ ನಿಂತು ನುಡಿಸುವವರ ಕೈ ಒಂದು ರೀತಿಯಲ್ಲಿ ಪಳಗಿರುತ್ತದೆ. ಗಾಯಕರ ಸಾಲು ಮುಗಿಯಿತು, ಮುಂದಿನ ಸಾಲಿಗೆ ಎರಡು ಮಾತ್ರೆ ಬಿಡುವಿದೆ, ಅಷ್ಟರಲ್ಲಿ ಒಂದು ಸಣ್ಣ ತುಣುಕು ನುಡಿಸಿ ಸರಿಯಬೇಕು. ಹಾಡಿನ ನಡುವೆ ಎಂಟೋ ಹದಿನಾರೋ ಬಾರಿನ (ತಾಳದ ಆವರ್ತದ) ಬಿಜಿಎಂ, ಅಂದರೆ ಬರೀ ವಾದ್ಯಗಳ ಭಾಗ, ಬಂದರೆ ಮೂಲ ರೆಕಾರ್ಡಿನಲ್ಲಿ ಇದ್ದ ಹಾಗೆಯೇ ಬರಬೇಕು, ಒಂದು ಸ್ವರ ಆಚೀಚೆ ಆದರೂ ಎದುರಿನ ಸಾಲಿನಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಉಳಿದ ಹೊತ್ತೆಲ್ಲ ತಗ್ಗಿದ ದನಿಯಲ್ಲಿ ಕಾರ್ಡ್, ಅಂದರೆ ಕೂಡುಸ್ವರ. ಇದು ಸಣ್ಣ ವಿದ್ಯೆಯಲ್ಲ. ಆದರೆ ಸ್ವಂತ ಆಲ್ಬಮ್ಮಿಗೆ ಕೂತ ಮೊದಲ ದಿನವೇ ಇದೇ ವಿದ್ಯೆ ಅಡ್ಡ ಬರುತ್ತದೆ. ಈಗ ಹಾಡುವುದು ಗಿಟಾರೇ. ಅದರ ಸಾಲು ಮುಗಿದಲ್ಲಿ ಬಿಡುವು ಬಂದರೆ ಕೈ ಸುಮ್ಮನಿರುವುದಿಲ್ಲ, ತನ್ನ ಹಿಂದೆ ತಾನೇ ತುಣುಕು ಹಾಕುತ್ತದೆ. ನಾಲ್ಕು ನಿಮಿಷದ ಹಾಡಿನಲ್ಲಿ ಉಸಿರಾಡಲು ಜಾಗವಿಲ್ಲ. ಕೇಳುವವರಿಗೆ ಬೆರಳು ಚುರುಕಾಗಿವೆ ಎಂದು ತಿಳಿಯುತ್ತದೆ, ಧಾಟಿ ಮಾತ್ರ ನೆನಪಿನಲ್ಲಿ ಉಳಿಯುವುದಿಲ್ಲ.

ಇದಕ್ಕೆ ನಮಗೆ ಗೊತ್ತಿರುವ ಮದ್ದು ಒಂದೇ. ಗಿಟಾರ್ ಕೆಳಗಿಟ್ಟು ಧಾಟಿಯನ್ನು ಬಾಯಲ್ಲಿ ಗುನುಗಿ ಮೊಬೈಲಿನಲ್ಲಿ ಹಿಡಿದುಕೊಳ್ಳಬೇಕು. ದನಿ ಚೆನ್ನಾಗಿರಬೇಕಿಲ್ಲ. ಉಸಿರು ಮುಗಿದಲ್ಲಿ ಬಾಯಿ ತಾನಾಗಿ ನಿಲ್ಲುತ್ತದೆ, ಆ ನಿಲುಗಡೆಗಳನ್ನು ಗುರುತು ಹಾಕಿಕೊಂಡು ಗಿಟಾರಿನಲ್ಲೂ ಅಲ್ಲಲ್ಲೇ ನಿಲ್ಲಿಸಬೇಕು. ಇಡೀ ಹಾಡನ್ನು ಮೊದಲಿನಿಂದ ಕೊನೆತನಕ ಮೂರು ಟೇಕ್ ನುಡಿಸಿ ಅದರಲ್ಲಿ ಒಂದನ್ನು ಆರಿಸಿ, ಕೆಟ್ಟ ಜಾಗಗಳನ್ನಷ್ಟೇ ಉಳಿದೆರಡರಿಂದ ತೇಪೆ ಹಾಕುವುದು ಒಳ್ಳೆಯದು. ನಾಲ್ಕು ನಾಲ್ಕು ಬಾರ್ ತುಂಡು ಮಾಡಿ ನಲವತ್ತು ಸಲ ನುಡಿಸಿದ ಲೀಡಿನಲ್ಲಿ, ಅಂದರೆ ಧಾಟಿ ನುಡಿಸುವ ಮುಂದಿನ ಗಿಟಾರಿನಲ್ಲಿ, ತಪ್ಪು ಇರುವುದಿಲ್ಲ. ಜೀವವೂ ಇರುವುದಿಲ್ಲ.

ಎರಡನೆಯ ತೊಡಕು ನಾದದ್ದು. ದನಿ ಕೆಳಗಿನದೋ ಮೇಲಿನದೋ ಎಂಬುದನ್ನು ಸೆಕೆಂಡಿನ ಕಂಪನಗಳಲ್ಲಿ, ಅಂದರೆ ಹರ್ಟ್ಸಿನಲ್ಲಿ ಅಳೆಯುತ್ತಾರೆ. ವೇದಿಕೆಯ ಮೇಲೆ ಕೆಳಗಿನ 120 ಹರ್ಟ್ಸ್ ತನಕದ ಜಾಗವನ್ನು ಬೇಸ್ ಗಿಟಾರಿಗೋ ಕೀಬೋರ್ಡಿಗೋ ಬಿಟ್ಟುಕೊಟ್ಟು, 2ರಿಂದ 4 ಕಿಲೋಹರ್ಟ್ಸ್ ಜಾಗವನ್ನು ಗಾಯಕರಿಗೆ ಬಿಟ್ಟುಕೊಟ್ಟು ಪೆಡಲಿನಲ್ಲಿ ಒಂದು ನಾದ ಕೂಡಿಸಿ ಇಟ್ಟುಕೊಂಡಿರುತ್ತಾರೆ. ಅದೇ ಪ್ರೀಸೆಟ್ ಹಾಕಿ ಲೀಡ್ ನುಡಿಸಿದರೆ ಹಾಡು ಸೊರಗಿದಂತೆ ಕೇಳಿಸುತ್ತದೆ. ಮುಂದೆ ನಿಲ್ಲುವ ಗಿಟಾರಿಗೆ 500 ಹರ್ಟ್ಸಿನಿಂದ ಒಂದೂವರೆ ಕಿಲೋಹರ್ಟ್ಸ್ ನಡುವೆ ಮೈ ಬೇಕು. ಹಿಂದೆ ಕಾರ್ಡ್ ನುಡಿಸುವ ರಿದಮ್ ಗಿಟಾರಿನ ವಿಷಯ ಇದಕ್ಕೆ ತಿರುವುಮುರುವು. ಅದನ್ನು ಎರಡು ಸಲ ಬೇರೆಬೇರೆಯಾಗಿ ನುಡಿಸಿ ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಇಡುತ್ತಾರೆ. ಒಂದೇ ಟೇಕನ್ನು ಕಾಪಿ ಮಾಡಿ ಎರಡೂ ಕಡೆ ಇಟ್ಟರೆ ಅಗಲವಾಗುವುದಿಲ್ಲ, ನಡುವೆಯೇ ಕೂತು ಜೋರಾಗುತ್ತದೆ ಅಷ್ಟೆ. ಕಾಪಿಯನ್ನು ಹದಿನೈದು ಮಿಲಿಸೆಕೆಂಡ್ ಹಿಂದೆ ಸರಿಸಿದರೆ ಹೆಡ್‌ಫೋನಿನಲ್ಲಿ ಅಗಲ ಎನಿಸುತ್ತದೆ, ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಟೊಳ್ಳು ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ. ಡಿಸ್ಟಾರ್ಶನ್ (ದನಿಯನ್ನು ಒರಟು ಮಾಡುವುದು) ಕೂಡ ವೇದಿಕೆಯಲ್ಲಿ ಇಡುವುದಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಇರಲಿ. ಎರಡು ಪದರ ಸೇರಿದಾಗ ಅದು ತಾನೇ ದಪ್ಪಗಾಗುತ್ತದೆ. ಡಿಲೇ, ಅಂದರೆ ಮಾರ್ದನಿ, ಇಡುವವರು ಲೆಕ್ಕ ಹಾಕಿಯೇ ಇಡಬೇಕು: 60,000ವನ್ನು ಹಾಡಿನ ವೇಗದಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡ್ ಸಿಗುತ್ತದೆ. ವೇಗ 120 ಇದ್ದರೆ 500, ಅದರ ಮುಕ್ಕಾಲು 375.

ಇನ್ನು ನಮ್ಮ ಊರಿನದೇ ಆದ ತಾಪತ್ರಯಗಳು. ಬೆಂಗಳೂರು, ಹೈದರಾಬಾದಿನ ಸ್ಟುಡಿಯೋಗಳಿಗೆ ಹೋಗುವಷ್ಟು ದುಡ್ಡು ಎಲ್ಲರ ಬಳಿ ಇರುವುದಿಲ್ಲ. ಹಾಗಾಗಿ ಬಹುಪಾಲು ಆಲ್ಬಮ್‌ಗಳು ಮನೆಯ ಒಂದು ಕೋಣೆಯಲ್ಲೇ ತಯಾರಾಗುತ್ತವೆ. ಕಲಬುರಗಿಯ ಮನೆ ಅಂದರೆ ನೆಲಕ್ಕೆ ಶಹಾಬಾದ್ ಫರಸಿ ಕಲ್ಲು, ಹಳೆಯ ಮನೆಯಾದರೆ ಗೋಡೆಗೂ ಕಲ್ಲು. ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಟರ್‍ರೆಂದು ದನಿ ಗೋಡೆಯಿಂದ ಗೋಡೆಗೆ ಓಡಾಡುತ್ತದೆ. ಮೊಟ್ಟೆಯ ಟ್ರೇ ಅಂಟಿಸುವ ಚಟ ಇನ್ನೂ ಹೋಗಿಲ್ಲ. ಅದರಿಂದ ಕೋಣೆ ಸ್ಟುಡಿಯೋದ ಹಾಗೆ ಕಾಣುತ್ತದೆ, ಕೇಳಿಸುವುದಿಲ್ಲ. ಅದಕ್ಕಿಂತ ಮನೆಯಲ್ಲಿರುವ ಕೌದಿ ಎಷ್ಟೋ ಮೇಲು. ಅಜ್ಜಿ ಹೊಲಿದ ದಪ್ಪ ಕೌದಿ ಎರಡು ಮೂರನ್ನು ಗೋಡೆಗೆ ತಾಗಿಸದೆ ನಾಲ್ಕಿಂಚು ಈಚೆಗೆ ಹಗ್ಗಕ್ಕೆ ಇಳಿಬಿಟ್ಟರೆ ಟರ್‍ರೆನ್ನುವುದು ನಿಂತುಹೋಗುತ್ತದೆ. ಆದರೆ ಕೌದಿ ನುಂಗುವುದು ಮೇಲಿನ ದನಿಯನ್ನು ಮಾತ್ರ. ಕೆಳಗಿನ ಬೇಸ್ ಮೂಲೆಗಳಲ್ಲಿ ಕೂತೇ ಇರುತ್ತದೆ. ಹತ್ತಡಿ ಅಗಲ, ಹತ್ತಡಿ ಉದ್ದ, ಹತ್ತಡಿ ಎತ್ತರದ ಕೋಣೆಯಾದರೆ ಮೂರೂ ದಿಕ್ಕಿನಲ್ಲಿ 56 ಹರ್ಟ್ಸಿನ ಸುತ್ತಮುತ್ತ ಒಂದೇ ಗುಂಗು ಹುಟ್ಟುತ್ತದೆ. ಬೇಸ್ ಗಿಟಾರಿನ ಎ ತಂತಿ 55 ಹರ್ಟ್ಸ್. ಆ ಒಂದು ಸ್ವರ ಬಂದಾಗಲೆಲ್ಲ ಕೋಣೆ ಗುಡುಗುತ್ತದೆ, ಮಿಕ್ಸ್ ಮಾಡುವವರು ಬೇಸ್ ಜಾಸ್ತಿಯಾಯಿತೆಂದು ತಗ್ಗಿಸುತ್ತಾರೆ, ಹೊರಗೆ ಕೇಳಿದರೆ ಬೇಸೇ ಇಲ್ಲ. ಸಾಧ್ಯವಿದ್ದರೆ ಚೌಕಾಕಾರದ ಕೋಣೆ ಬಿಟ್ಟು ಉದ್ದನೆಯ ಕೋಣೆ ಆರಿಸಿಕೊಳ್ಳಿ. ಮೂಲೆಗಳಿಗೆ ಕಲ್ಲಿನ ನೂಲಿನ ಹಾಸಾದ, ನಾಲ್ಕಿಂಚು ದಪ್ಪದ ರಾಕ್‌ವೂಲನ್ನು ಬಟ್ಟೆ ಸುತ್ತಿದ ಚೌಕಟ್ಟಿನಲ್ಲಿ, ಹಿಂದೆ ಜಾಗ ಬಿಟ್ಟು ನಿಲ್ಲಿಸಿ. ಬಟ್ಟೆ ಸುತ್ತದೆ ಬಿಟ್ಟರೆ ಅದರ ನೂಲು ಮೈಗೆ ಚುಚ್ಚುತ್ತದೆ.

ಕರೆಂಟಿನ ಮಾತು. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ, ಒಂದೇ ಸುರುಳಿಯ ಭಾಗ) ಇರುವ ಗಿಟಾರಿಗೆ 50 ಹರ್ಟ್ಸಿನ ಗುಂಯ್ ಹುಟ್ಟುಗುಣ. ಅದರ ಮೇಲೆ ನಮ್ಮ ಮನೆಗಳ ಅರ್ಥಿಂಗ್ ಸೇರುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ತಂತಿಯೇ ಇರುವುದಿಲ್ಲ. ತಂತಿ ಇದ್ದರೂ ಅಂಗಳದ ಅರ್ಥ್ ಗುಂಡಿ ಏಪ್ರಿಲ್–ಮೇ ತಿಂಗಳಲ್ಲಿ ಒಣಗಿ ಬಿರುಕು ಬಿಟ್ಟಿರುತ್ತದೆ. ರೆಕಾರ್ಡಿಂಗ್ ಶುರು ಮಾಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಎರಡು ಮೂರು ವೋಲ್ಟಿಗಿಂತ ಮೇಲಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಗುಂಡಿಗೆ ಇದ್ದಿಲು, ಉಪ್ಪು ಹಾಕಿಸಿ ದಿನಾ ಎರಡು ಕೊಡ ನೀರು ಹೊಯ್ಯಿರಿ. ಗುಂಯ್ ಹೋಗಲೆಂದು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ಕಿತ್ತುಹಾಕುವವರಿದ್ದಾರೆ. ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದ ಹೊತ್ತಿನಲ್ಲಿ ಆ ಜಾಣತನ ಜೀವಕ್ಕೇ ಕುತ್ತು ತರುತ್ತದೆ. ಗಿಟಾರಿನ ತಂತಿ ಮುಟ್ಟಿದಾಗ ಗುಂಯ್ ತಗ್ಗಿದರೆ ಅದರ ಒಳಗುಳಿಯಲ್ಲಿ ಹೊರಗಿನ ಗದ್ದಲ ತಡೆಯುವ ಶೀಲ್ಡಿಂಗ್ ಸಾಲದೆಂದು ಅರ್ಥ, ತಾಮ್ರದ ಹಾಳೆ ಅಂಟಿಸಿ ಗ್ರೌಂಡಿಗೆ ಬೆಸುಗೆ ಹಾಕಿಸಬೇಕು. ಮುಟ್ಟಿದಾಗ ಜಾಸ್ತಿಯಾದರೆ ಬ್ರಿಜ್ಜಿಗೆ (ತಂತಿಗಳ ಬುಡ ಕೂರುವ ಭಾಗ) ಹೋಗುವ ಗ್ರೌಂಡ್ ವೈರು ಕಿತ್ತಿರಬಹುದು. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ನುಡಿಸುವವರು ಅದು ಸೈನ್ ವೇವ್ ಹೌದೋ ಅಲ್ಲವೋ ನೋಡಿಕೊಳ್ಳಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಫ್ಯಾನೂ ಕೊರೆಯುತ್ತದೆ, ಗಿಟಾರೂ ಕೊರೆಯುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ರೆಕಾರ್ಡ್ ಮಾಡಿದರೆ ಅರ್ಧ ಗದ್ದಲ ಅಲ್ಲೇ ಹೋಗುತ್ತದೆ.

ಬೇಸಿಗೆಯಲ್ಲಿ ಕೂಲರ್ ಬಂದ್ ಮಾಡಿ ನುಡಿಸುವುದು ಶಿಕ್ಷೆಯೇ. ಆದರೆ ಕೂಲರಿನ ಗಾಳಿ ಮೈಕಿಗೆ, ಮೋಟಾರು ಪಿಕಪ್ಪಿಗೆ ಬಡಿಯುತ್ತದೆ. ನಾಲ್ಕು ನಿಮಿಷದ ಟೇಕಿಗೆ ಬಂದ್ ಮಾಡಿ, ಮತ್ತೆ ಚಾಲೂ ಮಾಡಿ. ಬೇರೆ ದಾರಿಯಿಲ್ಲ. ರಾತ್ರಿ ಹನ್ನೊಂದರ ಮೇಲೆ ಕೂತರೆ ರಸ್ತೆಯ ಆಟೋ ಸದ್ದೂ ಇರುವುದಿಲ್ಲ.

ಒಣ ಹವೆಗೆ ಗಿಟಾರಿನ ಮರವೂ ಕುಗ್ಗುತ್ತದೆ. ಕತ್ತಿನ ಅಂಚಿನಲ್ಲಿ ಫ್ರೆಟ್ಟಿನ, ಅಂದರೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಯ, ತುದಿ ಹೊರಗೆ ಚಾಚಿ ಅಂಗೈಗೆ ಗೀರುತ್ತದೆ, ಕತ್ತು ಹಿಂದಕ್ಕೆ ಬಾಗಿ ಮೊದಲ ಮೂರು ನಾಲ್ಕು ಫ್ರೆಟ್ಟಿನಲ್ಲಿ ತಂತಿ ಜರ್ರೆನ್ನುತ್ತದೆ. ಆರನೆಯ, ಅಂದರೆ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು ಏಳನೆಯ ಫ್ರೆಟ್ಟಿನ ಮೇಲೆ ಎಷ್ಟು ಸಂದಿ ಇದೆ ನೋಡಿ. ಕಾಲು ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪ ಇರಬೇಕು. ಸಂದಿಯೇ ಇಲ್ಲವೆಂದರೆ ಕತ್ತಿನೊಳಗಿನ ಲೋಹದ ಸರಳಾದ ಟ್ರಸ್ ರಾಡನ್ನು ಎಡಕ್ಕೆ ಕಾಲು ಸುತ್ತು ಸಡಿಲಿಸಿ ಒಂದು ರಾತ್ರಿ ಬಿಡಿ. ಜುಲೈನಲ್ಲಿ ಮಳೆ ಹಿಡಿದಾಗ ಇದು ತಿರುಗಿ ಬೀಳುತ್ತದೆ. ಆಗ ಬಲಕ್ಕೆ ಬಿಗಿಯಬೇಕಾಗುತ್ತದೆ. ಮೇ ತಿಂಗಳಲ್ಲಿ ಅರ್ಧ ಹಾಡು, ಆಗಸ್ಟಿನಲ್ಲಿ ಇನ್ನರ್ಧ ರೆಕಾರ್ಡ್ ಮಾಡಿದ ಆಲ್ಬಮ್ಮಿನಲ್ಲಿ ಒಂದೇ ಗಿಟಾರ್ ಎರಡು ಗಿಟಾರಿನ ಹಾಗೆ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಹೊಸ ತಂತಿ ಹಾಕಿದ ಮೇಲೆ ಇಂಟೊನೇಶನ್, ಅಂದರೆ ಕತ್ತಿನ ಉದ್ದಕ್ಕೂ ಸ್ವರ ಸರಿಯಿದೆಯೇ ಎಂದು ಪರೀಕ್ಷಿಸಲೇಬೇಕು: ಹನ್ನೆರಡನೆಯ ಫ್ರೆಟ್ಟಿನ ಹಾರ್ಮೋನಿಕ್ಕಿಗಿಂತ (ತಂತಿಯನ್ನು ಒತ್ತದೆ ತಾಗಿಸಿ ಬರಿಸುವ ಸ್ವರ) ಒತ್ತಿದ ಸ್ವರ ಏರಿದ್ದರೆ ಬ್ರಿಜ್ಜಿನ ಮೇಲೆ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. ವೇದಿಕೆಯ ಗದ್ದಲದಲ್ಲಿ ಮುಚ್ಚಿಹೋಗುವ ಈ ಅಪಸ್ವರ ರೆಕಾರ್ಡಿಂಗಿನಲ್ಲಿ ಹಲ್ಲಿಗೆ ಸಿಕ್ಕ ಕಲ್ಲಿನಂತೆ ಕೇಳಿಸುತ್ತದೆ.

ಆಂಪ್ಲಿಫೈಯರಿಗೆ ಮೈಕ್ ಇಡುವವರು ಸ್ಪೀಕರಿನ ಜಾಲರಿಯಿಂದ ಒಂದಿಂಚು ದೂರದಲ್ಲಿ ಶೂರ್ ಎಸ್ಎಂ57 ತರಹದ ಡೈನಾಮಿಕ್ ಮೈಕ್ ಇಟ್ಟು ಶುರು ಮಾಡಲಿ. ನಟ್ಟ ನಡುವೆ ಇಟ್ಟರೆ ದನಿ ಚೂಪು, ಅಂಚಿಗೆ ಸರಿಸಿದಂತೆ ಮಂದ. ಅರ್ಧ ಇಂಚಿಗೂ ವ್ಯತ್ಯಾಸವಿದೆ. ಮೊದಲು ಮೈಕನ್ನು ಸರಿಸಿ ನೋಡಬೇಕು, ಈಕ್ವಲೈಜರಿಗೆ ಕೈ ಹಾಕುವುದು ಆಮೇಲೆ. ಇದರ ಜೊತೆಗೇ ಆಂಪ್ಲಿಫೈಯರಿಗೆ ಹೋಗುವ ಮೊದಲಿನ ಗಿಟಾರಿನ ನೇರ ದನಿಯನ್ನೂ ಇನ್ನೊಂದು ಟ್ರ್ಯಾಕಿನಲ್ಲಿ ಹಿಡಿದಿಡುವುದು ಭಾಳ ಮುಖ್ಯ. ನುಡಿಸಿದ್ದು ಚೆನ್ನಾಗಿದ್ದು ನಾದ ಕೆಟ್ಟಿದ್ದರೆ ಆ ನೇರ ದನಿಯನ್ನು ಮುಂದೆ ಒಳ್ಳೆಯ ಆಂಪ್ಲಿಫೈಯರಿಗೆ ಹಾಯಿಸಿ ಮತ್ತೆ ರೆಕಾರ್ಡ್ ಮಾಡಿಕೊಳ್ಳಬಹುದು. 24 ಬಿಟ್, 48 ಕಿಲೋಹರ್ಟ್ಸ್ ಸಾಕು. ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್ ಹತ್ತಿರ ಆಡಲಿ, ಕೆಂಪಿಗೆ ಹೋಗಬಾರದು.

ನಮ್ಮ ಕಡೆಯ ಗಿಟಾರ್ ವಾದಕರು ಆಲ್ಬಮ್ಮಿನಲ್ಲಿ ಹಲಗಿ ಎಂಬ ಚರ್ಮವಾದ್ಯ, ತತ್ವಪದ ತರಲು ಹೊರಟಿದ್ದಾರೆ. ಒಳ್ಳೆಯ ಯೋಚನೆ, ಆದರೆ ಸುಲಭದ್ದಲ್ಲ. ಹಲಗಿಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುತ್ತಾರೆ, ಆರುತ್ತಾ ಬಂದಂತೆ ಅದರ ದನಿ ಇಳಿಯುತ್ತದೆ. ಆದ್ದರಿಂದ ಕಾಯಿಸಿದ ತಕ್ಷಣ ಎರಡು ಮೂರು ನಿಮಿಷದ ಸಣ್ಣ ಟೇಕ್, ಮತ್ತೆ ಬೆಂಕಿ. ಮೈಕ್ ನಾಲ್ಕೈದು ಅಡಿ ದೂರ ಇರಲಿ, ಹತ್ತಿರ ಇಟ್ಟರೆ ಕೋಲಿನ ಏಟು ಮಾತ್ರ ಬರುತ್ತದೆ. ಫರಸಿ ಕೋಣೆಗಿಂತ ಮನೆಯ ಮಾಳಿಗೆ ಮೇಲೆ, ಬಯಲಿನಲ್ಲಿ ರೆಕಾರ್ಡ್ ಮಾಡುವುದು ಚಲೋ. ಭಜನೆಯ ಹಾರ್ಮೋನಿಯಂ ಇನ್ನೊಂದು ಕಥೆ. ಹಳೆಯ ಪೆಟ್ಟಿಗೆ, ಗಿಟಾರ್ ಕೂಡಿಸುವ ರೂಢಿಯ 440 ಹರ್ಟ್ಸಿಗೆ ಸರಿಯಾಗಿ ಇರುವುದೇ ಅಪರೂಪ. ಪೆಟ್ಟಿಗೆಯ ರೀಡ್ ಕೆರೆಯುತ್ತ ಕೂರಲಾಗುವುದಿಲ್ಲ, ಗಿಟಾರೇ ಅದರ ಹಾದಿಗೆ ಬರಬೇಕು. ಪೆಟ್ಟಿಗೆಯ ಸ್ವರವನ್ನು ಟ್ಯೂನರಿಗೆ ಕೇಳಿಸಿ, ಇಪ್ಪತ್ತು ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಏರಿದ್ದರೆ ಟ್ಯೂನರನ್ನು 445ಕ್ಕೆ ಇಟ್ಟುಕೊಂಡು ಗಿಟಾರ್, ಬೇಸ್ ಎರಡನ್ನೂ ಕೂಡಿಸಿಕೊಳ್ಳಬೇಕು. ತತ್ವಪದಕ್ಕೆ ಕ್ಲಿಕ್, ಅಂದರೆ ಕಿವಿಯಲ್ಲಿ ಒಂದೇ ವೇಗದ ಟಿಕ್ ಟಿಕ್, ಹಾಕುವುದಂತೂ ಬೇಡವೇ ಬೇಡ. ಹಾಡುವವರು ಪಲ್ಲವಿಗೆ ಬಂದಾಗ ತುಸು ಮುಂದಕ್ಕೆ ತಳ್ಳುತ್ತಾರೆ, ನುಡಿಯಲ್ಲಿ ಹಿಂದಕ್ಕೆ ಎಳೆಯುತ್ತಾರೆ. ಮೊದಲು ಅವರನ್ನು ಅವರ ನಡಿಗೆಯಲ್ಲೇ ಹಾಡಲು ಬಿಟ್ಟು, ಆಮೇಲೆ ಆ ನಡಿಗೆಗೆ ತಕ್ಕಂತೆ ಕಂಪ್ಯೂಟರಿನಲ್ಲಿ ಬಾರುಗಳ ಗುರುತು ಹಾಕಿಕೊಂಡು ಡ್ರಮ್ ಕೂಡಿಸಬೇಕು. ಶ್ರಮ ದುಪ್ಪಟ್ಟು. ಇಲ್ಲದಿದ್ದರೆ ಮದುವೆ ಮೆರವಣಿಗೆಯ ಬ್ಯಾಂಡಾಗಿಬಿಡುತ್ತದೆ.

ಮೊದಲ ಆಲ್ಬಮ್ಮಿನಲ್ಲಿ ಹನ್ನೆರಡು ಹಾಡು ತುಂಬುವುದೂ ಒಂದು ರೋಗ. ಒಂದು ಬ್ಲೂಸ್, ಒಂದು ಮೆಟಲ್, ಒಂದು ಗಜಲ್, ಒಂದು ಜಾಜ್: ಆರ್ಕೆಸ್ಟ್ರಾ ಕಲಿಸಿದ್ದೆಲ್ಲ ಸಂತೆಗೆ ಹಾಕಿದ ಹಾಗೆ. ಏಳು ಹಾಡು, ಮೂವತ್ತು ನಿಮಿಷ, ಒಂದೇ ಗಿಟಾರಿನ ದನಿ ಸಾಕು ಎಂಬುದು ನಮ್ಮ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಮಿಕ್ಸಿಂಗಿನ ಬಗ್ಗೆ ಎರಡೇ ಮಾತು. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ ಎಂಬ ಜೋರಿನ ಅಳತೆಗೆ ತಂದು ಕೇಳಿಸುತ್ತದೆ, ಆದ್ದರಿಂದ ಜೋರು ಮಾಡಲು ಲಿಮಿಟರಿನಲ್ಲಿ ಹಿಂಡಿದ ಹಾಡಿಗೆ ಲಾಭವೇನೂ ಇಲ್ಲ, ಡ್ರಮ್ಮಿನ ಏಟು ಮಾತ್ರ ಚಪ್ಪಟೆಯಾಗುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ 200 ಹರ್ಟ್ಸಿನ ಕೆಳಗೆ ಹೆಚ್ಚೇನೂ ಬರುವುದಿಲ್ಲ, ಹಾಗಾಗಿ ಬೇಸ್ ಗಿಟಾರಿಗೆ ತುಸು ಡಿಸ್ಟಾರ್ಶನ್ ಬೆರೆಸಿದರೆ ಅದರ ಮೇಲಿನ ಸ್ವರಾಂಶಗಳಾದರೂ ಕೇಳುತ್ತವೆ.

ಕಾಗದಪತ್ರದ ವಿಷಯಕ್ಕೆ ಬಂದರೆ ನಮ್ಮವರು ಪೂರಾ ಅಸಡ್ಡೆ. ಬೇರೆಯವರ ಹಾಡಿಗೆ ದಿನಗೂಲಿ ಲೆಕ್ಕದಲ್ಲಿ ನುಡಿಸಿ, ಸಹಿ ಕೇಳಿದಲ್ಲಿ ಸಹಿ ಹಾಕಿ ಬಂದು ರೂಢಿ. ಸ್ವಂತ ಆಲ್ಬಮ್ಮಿನಲ್ಲಿ ಆ ರೂಢಿ ಕೈ ಕಚ್ಚುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಿಕೆಯ ಹಕ್ಕು ಅದನ್ನು ತಯಾರಿಸುವ ಹೊಣೆ ಹೊತ್ತವರದ್ದು, ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಅಂದರೆ ದುಡ್ಡು ಹಾಕಿ ಮಾಡಿಸಿದವರು ಬೇರೆಯಾದರೆ, ಮುಖಪುಟದಲ್ಲಿ ನಿಮ್ಮ ಫೋಟೋ ಇದ್ದರೂ ಮಾಲು ಅವರದ್ದು. ಹಕ್ಕು ಬರೆದುಕೊಡುವಾಗ ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ ಎಂದು ಬರೆಸಿ. ಬರೆಸದಿದ್ದರೆ ಕಾನೂನಿನ ಲೆಕ್ಕದಲ್ಲಿ ಐದು ವರ್ಷ, ಭಾರತದೊಳಗೆ ಎಂದಾಗುತ್ತದೆ. ಡ್ರಮ್ ನುಡಿಸಿದವರು, ಸಾಹಿತ್ಯ ಬರೆದವರು, ಧಾಟಿ ಕಟ್ಟಿದವರು ಯಾರಿಗೆ ಎಷ್ಟು ಪಾಲು ಎಂಬುದನ್ನು ರೆಕಾರ್ಡಿಂಗಿನ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಬೇಕು. ಹಾಡು ಓಡಿದ ಮೇಲೆ ಕೇಳಿದರೆ ಪ್ರತಿಯೊಬ್ಬರ ನೆನಪೂ ಬೇರೆಬೇರೆ. ಹಳೆಯ ಕಾಲದ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಬಳಸಲು ಯಾರ ಅಪ್ಪಣೆಯೂ ಬೇಡ. ಆದರೆ ಈಚಿನವರು ಕಟ್ಟಿದ ಧಾಟಿಗೆ ಅಪ್ಪಣೆ ಬೇಕು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯ ತನಕ ಬೇಕು.

ಆನ್‌ಲೈನಿಗೆ ಹಾಕುವಾಗ ಬಿಡುಗಡೆಗೆ ನಾಲ್ಕು ವಾರ ಮೊದಲೇ ಹಾಡು ಹಂಚುವ ಕಂಪನಿಗೆ ಹಾಡುಗಳನ್ನು ಕೊಡಬೇಕು. ಮುಖಪುಟ 3000 ಪಿಕ್ಸೆಲ್ ಚೌಕ, ಪ್ರತಿ ಹಾಡಿಗೂ ಅದರ ಗುರುತಿನ ಹನ್ನೆರಡು ಅಕ್ಷರ–ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ. ಕಲಾವಿದರ ಹೆಸರನ್ನು ಒಮ್ಮೆ ಒಂದು ಕಾಗುಣಿತ, ಇನ್ನೊಮ್ಮೆ ಇನ್ನೊಂದು ಎಂದು ಬರೆದರೆ ಒಬ್ಬರೇ ಇಬ್ಬರಾಗಿ ಕಾಣುತ್ತಾರೆ. ಯಾರು ಯಾವ ವಾದ್ಯ ನುಡಿಸಿದರು ಎಂದು ತುಂಬುವ ಕಾಲಂ ಕೂಡ ಅಲ್ಲಿರುತ್ತದೆ. ತಮ್ಮ ಹೆಸರು ಎಲ್ಲೂ ಬರಲಿಲ್ಲವೆಂದು ಇಷ್ಟು ವರ್ಷ ನೊಂದವರೇ ಆ ಕಾಲಂ ಖಾಲಿ ಬಿಟ್ಟು, ತಮ್ಮ ಹಿಂದೆ ನುಡಿಸಿದವರ ಹೆಸರು ಹಾಕುವುದಿಲ್ಲ. ಇದನ್ನು ಏನೆನ್ನಬೇಕೋ ತಿಳಿಯದು.

ಪಾಶ್ಚಾತ್ಯ ರಾಕ್‌ನಲ್ಲೂ ಇದೇ ಹಾದಿ ತುಳಿದವರು ಬಹಳ. ರೋಲಿಂಗ್ ಸ್ಟೋನ್ಸ್ ತಂಡದಲ್ಲಿ 1969ರಿಂದ 1974ರವರೆಗೆ ನುಡಿಸಿದ ಮಿಕ್ ಟೇಲರ್ ತಮ್ಮ ಮೊದಲ ಆಲ್ಬಮ್ ತಂದದ್ದು 1979ರಲ್ಲಿ. ಲೆಕ್ಕವಿಲ್ಲದಷ್ಟು ಜನರ ರೆಕಾರ್ಡುಗಳಿಗೆ ಗಿಟಾರ್ ನುಡಿಸಿದ, ಟೋಟೊ ತಂಡದ ಸ್ಟೀವ್ ಲೂಕಥರ್ ತಂದದ್ದು 1989ರಲ್ಲಿ. ಇಬ್ಬರೂ ಆಲ್ಬಮ್ಮಿಗೆ ಇಟ್ಟದ್ದು ತಮ್ಮ ಹೆಸರನ್ನೇ, ಬೇರೆ ಶೀರ್ಷಿಕೆ ಇಲ್ಲ. ಬೇರೆಯವರ ರೆಕಾರ್ಡಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಇದ್ದ ಹೆಸರು ಮುಂದಕ್ಕೆ ಬಂದದ್ದು ಹೀಗೆ.

ನಮ್ಮಲ್ಲಿ ಆ ಸಣ್ಣಕ್ಷರವೂ ಇಲ್ಲ. ಜಾತ್ರೆಯ ಕರಪತ್ರ ಇರಲಿ, ಕಲಬುರಗಿಯ ಪಂಡಿತ ರಂಗಮಂದಿರದ ಕಾರ್ಯಕ್ರಮದ ಆಮಂತ್ರಣ ಇರಲಿ, ಗಾಯಕರ ಹೆಸರಿನ ಕೆಳಗೆ ‘ಹಾಗೂ ಸಂಗಡಿಗರಿಂದ’ ಎಂದಿರುತ್ತದೆ. ಮರುದಿನ ಪತ್ರಿಕೆಯ ವರದಿಯಲ್ಲೂ ಅದೇ ಪದ. ಪಕ್ಕದಲ್ಲಿ ಆರು ಜನ ಮೂರು ತಾಸು ನಿಂತು ನುಡಿಸಿರುತ್ತಾರೆ. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯ 38ಬಿ ಕಲಮಿನಲ್ಲಿ, ತಾನು ನುಡಿಸಿದ್ದಕ್ಕೆ ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕು ವಾದಕರಿಗೂ ಇದೆ. ಆ ಹಕ್ಕಿನ ಪ್ರಕಾರ ಕೋರ್ಟಿಗೆ ಹೋಗಿ ಎಂದು ನಾವು ಹೇಳುತ್ತಿಲ್ಲ. ಪತ್ರಿಕೆಗೆ ನಮ್ಮ ಬೇಡಿಕೆ ಇಷ್ಟೇ: ಆಲ್ಬಮ್ ವಿಮರ್ಶೆ ಬರೆಯುವವರು ಗಿಟಾರ್, ಬೇಸ್, ಡ್ರಮ್, ಹಲಗಿ ಯಾರದ್ದು, ರೆಕಾರ್ಡ್ ಮಾಡಿದವರು ಯಾರು ಎಂಬ ನಾಲ್ಕು ಸಾಲನ್ನು ಬರಹದ ಕೊನೆಗೆ ಹಾಕಲಿ. ಸಂಗೀತ ಕಾರ್ಯಕ್ರಮದ ಸುದ್ದಿಯಲ್ಲಿ ‘ಸಂಗಡಿಗರು’ ಎಂದು ಬರೆದು ಕಳಿಸಿದ ಸಂಘಟಕರಿಗೆ ನಿಮ್ಮ ವರದಿಗಾರರು ಒಂದು ಫೋನ್ ಮಾಡಿ, ‘ಗಿಟಾರಿಗೆ ಯಾರು ಕೂತಿದ್ರು ಹೇಳ್ರಿ ಸರ’ ಎಂದು ಕೇಳಲಿ.

ಇಂತಿ,
ಗಿಟಾರ್ ರಿಪೇರಿ ಮತ್ತು ರೆಕಾರ್ಡಿಂಗ್ ಕೆಲಸದ ಇಬ್ಬರು ಓದುಗರು,
ಕಲಬುರಗಿ